ಕುಞಿ ಕೂಗಲಿಲ್ಲ

ಬೆಟ್ಟಂಪಾಡಿ
19 ಆಗಸ್ಟ್ 2025

ಜುಮಾನಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಬರೆದಳೆಂದು ಗಾಬರಿಯಾಗಬೇಡಿ. ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಫೋನ್ ಮಾಡಿದರೆ ಮಗಳು ಪಕ್ಕದಲ್ಲೇ ಬಂದು ನಿಲ್ಲುತ್ತಾಳೆ, ಅವಳೆದುರು ಆಡಲಾಗದ ಮಾತಿದು. ನನ್ನ ತಮ್ಮ ಅಸ್ಕರ್ ನಾಳೆ ಸೌದಿಗೆ, ನೀವಿರುವ ದಮ್ಮಾಮಿಗೇ ಹೊರಡುತ್ತಾನೆ. ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ನಿಮ್ಮನ್ನು ಹೆತ್ತ ಉಮ್ಮ ಇನ್ನೂ ಪುತ್ತೂರಿನ ಆಸ್ಪತ್ರೆಯಲ್ಲೇ ಇದ್ದಾರೆ. ಬಲಗೈ ಏಳುವುದಿಲ್ಲ, ಮಾತು ಬಂದಿಲ್ಲ. ಕಣ್ಣು ಮಾತ್ರ ನಾನು ಹೋದಲ್ಲೆಲ್ಲ ಬರುತ್ತದೆ. ನನಗೆ ಹೆದರಿಕೆಯಾಗುತ್ತದೆ. ಬಿದ್ದ ಕೂಡಲೇ ಕರೆದುಕೊಂಡು ಹೋದೆವು ಎಂದು ನಿಮಗೆ ಹೇಳಿದ್ದು ಸುಳ್ಳು. "ಸ್ವಲ್ಪ ಬೇಗ ತರ್ಬಹುದಿತ್ತಲ್ಲ?" ಎಂದು ಡಾಕ್ಟರು ಕೇಳಿದಾಗ ಜುಮಾನಾ ನನ್ನ ಶಾಲನ್ನು ಬಿಗಿಯಾಗಿ ಹಿಡಿದುಕೊಂಡಳು.

ಕುಞಿಯನ್ನು ನೀವು ವಿಡಿಯೋದಲ್ಲಿ ಮಾತ್ರ ನೋಡಿದ್ದು. ಕಾಲೇಜಿನಿಂದ ಬಂದು ಪುಸ್ತಕ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯುವ ನಿಮ್ಮ ಮಗಳು, ಹಿಂದೊಮ್ಮೆ ಉಮ್ಮ ಹಜಾರದಲ್ಲಿ ಜಾರಿ ಬಿದ್ದ ಮೇಲೆ ಮಾಡಿದ ರೋಬೋಟ್ ಅದು. ನಾಲ್ಕು ಚಕ್ರ, ಕಣ್ಣಿಗೆ ನನ್ನ ಹಳೇ ಮೊಬೈಲು. ಉಮ್ಮನ ಹಿಂದೆಯೇ ಓಡಾಡುತ್ತದೆ, ಅವರು ನೆಲಕ್ಕೆ ಬಿದ್ದರೆ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಮನೆಯ ಮಗುವನ್ನು ಕರೆದ ಹಾಗೆ ಕುಞಿ ಎಂದು ಹೆಸರಿಟ್ಟದ್ದೂ ಉಮ್ಮನೇ. ತೊಂದರೆ ಒಂದೇ, ನಿಸ್ಕಾರದಲ್ಲಿ ಉಮ್ಮ ಸುಜೂದಿಗೆ ಹೋಗಿ ಹಣೆ ನೆಲಕ್ಕೆ ಮುಟ್ಟಿಸಿದರೆ ಬಿದ್ದರೆಂದೇ ತಿಳಿದು ಬೊಬ್ಬೆ ಹಾಕುತ್ತಿತ್ತು. "ಪಡೆದವನಿಗೆ ತಲೆ ಬಗ್ಗಿಸಿದ್ರೆ ಇದಕ್ಕೆಂತ ಸಂಕಟ ಮಾರಾಯ್ತಿ!" ಎಂದು ಉಮ್ಮ ಬೈದಾಗ ನಾನು ನಕ್ಕುಬಿಟ್ಟಿದ್ದೆ. ಕೊನೆಗೆ ಜುಮಾನಾ ಪ್ರೋಗ್ರಾಮ್ ತಿದ್ದಿದಳು. ನಿಸ್ಕಾರಕ್ಕೆ ಹಾಸುವ ಮುಸಲ್ಲದ ಮೇಲೆ ಉಮ್ಮ ಹೇಗೇ ಇರಲಿ, ಎಷ್ಟು ಹೊತ್ತೇ ಇರಲಿ, ಕುಞಿ ಸುಮ್ಮನಿರಬೇಕು.

ಆ ಶುಕ್ರವಾರ ಸಂಜೆಯ ಅಸರ್ ನಿಸ್ಕಾರದ ಹೊತ್ತಿಗೆ ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ ಪಕ್ಕದ ಮನೆಯ ವಾರಿಜಾಕ್ಷಿಯಕ್ಕನ ಜೊತೆ ಮಾತಿಗೆ ನಿಂತೆ. ಇಳಿದು ಬಂದಾಗ ಉಮ್ಮ ಮುಸಲ್ಲದ ಮೇಲೆ ಹಣೆಯೂರಿದ್ದರು. ಸುಜೂದಿನಲ್ಲಿದ್ದಾರೆಂದು ನಾನೂ ಸದ್ದಿಲ್ಲದೆ ಚಾ ಇಡಲು ಹೋದೆ. ಚಾ ಹಿಡಿದು ಬಂದರೆ ಹಾಗೇ ಇದ್ದಾರೆ. ಕುಞಿ ಪಕ್ಕದಲ್ಲೇ ಹಸಿರು ದೀಪ ಉರಿಸಿಕೊಂಡು ಅವರನ್ನೇ ನೋಡುತ್ತಾ ನಿಂತಿತ್ತು. ಭುಜ ಮುಟ್ಟಿದೆ, ಉಮ್ಮ ಒಂದು ಬದಿಗೆ ವಾಲಿದರು. ಆಗಲೂ ಅದು ಕೂಗಲಿಲ್ಲ.

ಈಗ ನನಗೆ ಉಮ್ಮನಿಗಿಂತ ಮಗಳದ್ದೇ ಹೆದರಿಕೆ. ಅವಳು ಊಟ ಮಾಡುವುದಿಲ್ಲ, ಅಳುವುದೂ ಇಲ್ಲ. ನಿನ್ನೆ ಆಸ್ಪತ್ರೆಯಿಂದ ಬಂದು ಬಾಗಿಲ ಸಂದಿಯಿಂದ ನೋಡಿದೆ. ಅದೇ ಮುಸಲ್ಲದ ಮೇಲೆ ಬೋರಲು ಬೀಳುತ್ತಾಳೆ, ಕಾಯುತ್ತಾಳೆ, ಎದ್ದು ಮತ್ತೆ ಬೀಳುತ್ತಾಳೆ. "ಕೂಗು ಕುಞಿ, ಈಗಾದ್ರೂ ಕೂಗು" ಎನ್ನುತ್ತಾಳೆ. ತಿದ್ದಿದ್ದನ್ನು ಅಳಿಸಿದರೆ ಅದು ಕೂಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಅಳಿಸುವುದಿಲ್ಲ. ಒಳಗೆ ಹೋಗಿ ಎಬ್ಬಿಸಲು ನನಗೆ ಧೈರ್ಯ ಬರಲಿಲ್ಲ.

ನಿಮ್ಮನ್ನು ಅಲ್ಲಾಹು ಕಾಯಲಿ. ಉಮ್ಮನಿಗಾಗಿ ದುಆ ಮಾಡಿ, ಮಗಳಿಗಾಗಿಯೂ.

ನಿಮ್ಮ
ಸಫೂರಾ

ಇದನ್ನು ಮೇಲೆ ಬರೆಯದೆ ಬಿಟ್ಟಿದ್ದೆ. ಕುಞಿಯ ಬಾಯಿ ಮುಚ್ಚಿಸಲು ಜುಮಾನಾ ಒಪ್ಪಿರಲಿಲ್ಲ. "ಬೇಡ, ಅಪಾಯ ಉಂಟು" ಎಂದು ಹಟ ಹಿಡಿದಿದ್ದಳು. "ಉಮ್ಮನ ನಿಸ್ಕಾರಕ್ಕಿಂತ ನಿನ್ನ ಆಟದ ಸಾಮಾನು ದೊಡ್ಡದಾ? ಸುಮ್ಮನಿರಿಸು, ಇಲ್ಲದಿದ್ರೆ ಬಿಸಾಡು" ಎಂದು ವಿಡಿಯೋ ಕಾಲಿನಲ್ಲಿ ಗದರಿಸಿದವರು ನೀವು. ಅಳುತ್ತಲೇ ತಿದ್ದಿದಳು. ಕುಞಿ ಯಾಕೆ ಕೂಗಲಿಲ್ಲ ಎಂದು ಇವತ್ತು ಅಸ್ಕರ್ ಕೇಳಿದ್ದಕ್ಕೆ, ತಪ್ಪು ನನ್ನದೇ ಮಾಮ ಎಂದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಉಪ್ಪನಿಗೆ ಅದನ್ನು ನೆನಪು ಮಾಡುದು ಬೇಡಮ್ಮ. ಅವರು ಅಲ್ಲಿ ಒಬ್ಬರೇ ಇರುದಲ್ವಾ?"