ನಾನು ನಿಂತ ಮೂಲೆ

ಅಯೋವಾ, ಫೆಬ್ರವರಿ

ಅಪ್ಪಾ,

ನಿನ್ನೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಊರಿನವರೆಲ್ಲ ಶಾಲೆಯ ಜಿಮ್‌ನಲ್ಲಿ ಮೂಲೆಗೊಂದು ಗುಂಪಾಗಿ ನಿಂತಿದ್ದೆವಲ್ಲ, ಆಗ ನೀವು ನಿಮ್ಮ ಅಭ್ಯರ್ಥಿ ಟ್ರೆಡ್ವೇಯ ಮೂಲೆಯಿಂದ ಪೈ ತಿಂಡಿಯ ತಟ್ಟೆ ಹಿಡಿದು ನನ್ನತ್ತ ಬಂದಿರಿ. ಜನ ಸಾಲದೆಂದು ನಮ್ಮ ಅಭ್ಯರ್ಥಿ ಓಕ್ರಿಯ ಗುಂಪನ್ನು ರದ್ದು ಮಾಡಿದ್ದರು. ಉಳಿದವರೆಲ್ಲ ಬೇರೆ ಮೂಲೆಗಳಿಗೆ ಸರಿದಿದ್ದರು. ನಾನೊಬ್ಬಳೇ ನಿಂತಿದ್ದೆ.

"ಬಾರೇ ಮಾರ್ಲಿಸ್, ಹಟ ಸಾಕು. ನಿಮ್ಮ ಓಕ್ರಿ ಎಲ್ರಿಗೂ ಪುಕ್ಕಟೆ ಔಷಧಿ ಅಂದ್ರೆ ಸಂಸತ್ತಲ್ಲಿ ಯಾರು ಒಪ್ತಾರೆ? ನಮ್ಮವನು ಅರ್ಧ ಬೆಲೆಗಾದ್ರೂ ಕೊಡಿಸ್ತಾನೆ. ಅರ್ಧ ಸಾಕಲ್ವಾ?" ಎಂದಿರಿ. ನಿಮ್ಮ ಗುಂಪಿನವರು ಚಪ್ಪಾಳೆ ತಟ್ಟಿದರು.

ಅಮ್ಮನೂ ಹಾಗೇ ಅನ್ನುತ್ತಿದ್ದಳು. ತಿಂಗಳ ಕೊನೆಗೆ ಇನ್ಸುಲಿನ್ ಮುಗಿಯುತ್ತ ಬಂದು, ಹೊಸದು ಕೊಳ್ಳಲು ದುಡ್ಡಿಲ್ಲದಾಗ, "ಇವತ್ತಿಗೆ ಅರ್ಧ ಸಾಕು ಕಣ್ರೀ" ಅಂತ. ಸೂಜಿ ಚುಚ್ಚುತ್ತಿದ್ದವರು ನೀವೇ.

ಅದಕ್ಕೇ ನಾನು ಕದಲಲಿಲ್ಲ. ನನ್ನ ಮತ ಲೆಕ್ಕಕ್ಕೆ ಬರಲಿಲ್ಲ, ಬರದಿದ್ದರೆ ಬೇಡ.

ನವೆಂಬರಿನ ಚುನಾವಣೆಯಲ್ಲಿ ನಿಮ್ಮವನೇ ಕಣದಲ್ಲಿದ್ದರೆ ಅವನಿಗೇ ಮತ ಹಾಕುತ್ತೇನೆ, ನಿಮ್ಮನ್ನೂ ಕಾರಿನಲ್ಲಿ ನಾನೇ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ನನ್ನ ಅಂಗಳದ ಓಕ್ರಿ ಬೋರ್ಡಿಗೆ ಕೈ ಹಚ್ಚಬೇಡಿ.

ಭಾನುವಾರ ಎಂದಿನಂತೆ ಊಟಕ್ಕೆ ಬರುತ್ತೇನೆ. ಅರ್ಧ ಸಾಕು ಅನ್ನುವ ಮಾತೊಂದನ್ನು ಮಾತ್ರ ಅಮ್ಮನ ಖಾಲಿ ಕುರ್ಚಿಯ ಎದುರು ಆಡಬೇಡಿ.

ನಿಮ್ಮದೇ ಹಟದ ಮಗಳು,
ಮಾರ್ಲಿಸ್