ಗಟ್ಟಿಮೇಳಕ್ಕೆ ನನ್ನ ಸ್ಯಾಕ್ಸೋಫೋನ್

ಮೇ ೧೧, ಭಾನುವಾರ

ಊದಿದ್ದಕ್ಕೆ ಕೆಳತುಟಿ ಇನ್ನೂ ಉರಿಯುತ್ತಾ ಉಂಟು. ಉರಿಯಲಿ.

ಸ್ಯಾಕ್ಸೋಫೋನ್ ಕಲಿಯಲು ಶುರು ಮಾಡಿದಾಗಿನಿಂದ ಚನಿಯಪ್ಪ ಮಾಸ್ಟ್ರದ್ದು ಒಂದೇ ಬೈಗುಳ. "ಮೆಲ್ಲ ಊದು ಭವಿತಾ! ಇದೆಂತ, ಘಾಟಿ ಹತ್ತುವ ಲಾರಿಯ ಹಾರ್ನಾ?" ಸಂಪಾಜೆಯ ಅವರ ಮನೆಯಲ್ಲಿ ನನ್ನ ಪಾಠ ಶುರುವಾದ ಕೂಡಲೇ ಅವರ ಹೆಂಡತಿ ಕಮಲಕ್ಕ ಹುಲ್ಲು ತರಲಿಕ್ಕೆ ಅಂತ ಹೊರಡುದು. ಆ ಮನೆಯಲ್ಲಿ ದನವೇ ಇಲ್ಲ!

ಇವತ್ತು ಕಲ್ಲುಗುಂಡಿಯ ಮದುವೆಯಲ್ಲಿ ಮಾಸ್ಟ್ರ ವಾಲಗ. ಜೊತೆಗೆ ಊದುವವರಿಗೆ ಜ್ವರ ಅಂತ ನನ್ನನ್ನು ಕರೆದುಕೊಂಡು ಹೋದರು. "ನಾನು ಹೇಳುವವರೆಗೆ ಊದುದು ಬೇಡ" ಅಂದರು. ವಾದ್ಯ ತೊಡೆಯ ಮೇಲಿಟ್ಟುಕೊಂಡು ಗೊಂಬೆಯ ಹಾಗೆ ಕೂತೆ. ಸಿಟ್ಟು ಬಂದಿತ್ತು.

ತಾಳಿ ಕಟ್ಟುವಾಗ ಭಟ್ರು "ಗಟ್ಟಿಮೇಳ!" ಅಂತ ಕೂಗಿದರು. ಮಾಸ್ಟ್ರು ನನ್ನ ಕಡೆ ತಿರುಗಿ, "ಈಗ ಊದು ಮಾರಾಯ್ತಿ, ಇದ್ದ ಶ್ವಾಸ ಎಲ್ಲ ಹಾಕು" ಅಂದರು. ಹಾಕಿದೆ. ಡೋಲಿನವನೇ ಬೆಚ್ಚಿಬಿದ್ದ. ಅಪಶಕುನದ ಶಬ್ದ ಒಂದೂ ಕಿವಿಗೆ ಬೀಳಬಾರದು ಅಂತಲೇ ಅಲ್ಲವಾ ಗಟ್ಟಿಮೇಳ!

ಊಟದಲ್ಲಿ ಮಾಸ್ಟ್ರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅವರು ಹೊಗಳುದು ಅಂದರೆ ಅಷ್ಟೇ. "ನಾಳೆಯಿಂದ ಪುನಃ ಮೆಲ್ಲ" ಅಂತಲೂ ಹೇಳಿದರು.

ನಿದ್ದೆ ಎಳೆಯುತ್ತಾ ಉಂಟು. ಇದೊಂದು ಬರೆದೇ ಮಲಗಬೇಕು. ಸರಿಯಾಗಿ ತಾಳಿ ಕಟ್ಟುವ ಗಳಿಗೆಯಲ್ಲೇ ಮದುಮಗನ ದೊಡ್ಡಪ್ಪ ಮೂಗು ಮೇಲೆತ್ತಿ, ಬಾಯಿ ತೆರೆದು, ಮೈಯೆಲ್ಲ ಕುಲುಕಿ ಸೀನಿದ್ದನ್ನು ನಾನು ಕಣ್ಣಾರೆ ನೋಡಿದೆ. ಇಡೀ ಹಾಲ್‌ನಲ್ಲಿ ಯಾರಿಗೂ ಕೇಳಲಿಲ್ಲ.