ಬಾತ್‌ಟಬ್ ಮುಚ್ಚಳ ತೆಗೆಯಬೇಡ

ಸುಮಂತ್,

ಬಂದವನೇ ಸ್ನಾನಕ್ಕೆ ನುಗ್ಗಬೇಡ. ಬಾತ್‌ಟಬ್ ಮುಚ್ಚಳವನ್ನಂತೂ ತೆಗೆಯಲೇಬೇಡ. ಚಿನ್ನುವಿನ ರಜೆಯ ಪ್ರಯೋಗದ ಎರಡನೇ ಬಾಟಲಿ ಒಳಗಿದೆ, ರಗ್ಗಿನಲ್ಲಿ ಸುತ್ತಿಟ್ಟಿದ್ದೇನೆ.

ಮೊದಲನೆಯದು ಬೆಳಿಗ್ಗೆ ಸಿಡಿಯಿತು.

ಎರಡರಲ್ಲೂ ಬೆಲ್ಲದ ನೀರು, ಯೀಸ್ಟ್. ಒಂದಕ್ಕೆ ಮಾತ್ರ ಬೇಳೆಕಟ್ಟು ಹಾಕಿದ್ದೆವು, ಪೋಷಣೆ ಸಿಕ್ಕರೆ ಯೀಸ್ಟ್ ಎಷ್ಟು ಜೋರಾಗಿ ಗ್ಯಾಸ್ ಬಿಡುತ್ತದೆ ನೋಡೋಣವೆಂದು. ಬಾಯಿಗೆ ಬಲೂನು ಕಟ್ಟಿದ್ದು ಅದಕ್ಕೇ! ನೀನು ಎರಡರದ್ದೂ ಬಲೂನು ಕಿತ್ತು ಬಿರಡೆ ಬಿಗಿದಿದ್ದೀಯ. ಮಾರ್ಚ್‌ನ ಭೂಕಂಪದಿಂದ ಈಚೆಗೆ ಕಂಡದ್ದನ್ನೆಲ್ಲ ಬಿಗಿಯುತ್ತೀಯಲ್ಲ, ಚೆಲ್ಲಬಾರದೆಂದು.

ಎಂಟು ಗಂಟೆಗೆ ನೆಲ ಸಣ್ಣಗೆ ಅದುರಿತು. ಬಾಟಲಿಯ ಎದುರು ಬರೆಯುತ್ತ ಕೂತಿದ್ದ ಚಿನ್ನು, ಶಾಲೆಯಲ್ಲಿ ಕಲಿಸಿದಂತೆ ಮೇಜಿನಡಿ ನುಗ್ಗಿದಳು. ಆಮೇಲೆ ಸಿಡಿಯಿತು. ಅವಳ ಕುರ್ಚಿಯ ತುಂಬ ಗಾಜು. ಚಪ್ಪಲಿ ಬಿಚ್ಚಬೇಡ.

ಉಳಿದದ್ದರಲ್ಲಿ ಬೇಳೆಕಟ್ಟಿಲ್ಲ. ಹಸಿದ ಯೀಸ್ಟ್ ನಿಧಾನ, ಆದರೆ ಕೆಲಸ ನಿಲ್ಲಿಸಿಲ್ಲ. ಬಿರಡೆ ಸಡಿಲಿಸಲು ಹೋಗಬೇಡ, ದಮ್ಮಯ್ಯ. ಎದುರು ಮನೆಯ ರತ್ನಾ ಹತ್ತಿರ ಇದ್ದೇವೆ, ಅಲ್ಲಿಗೇ ಬಾ. ಬೈಯುವುದಿಲ್ಲ.

ಬಿರಡೆಯ ವಿಷಯ ನನಗೆ ಗೊತ್ತಾದದ್ದೇ ಚಿನ್ನುವಿನ ನೋಟ್‌ಬುಕ್ಕಿನಿಂದ. ಸಿಡಿಯುವ ಮೊದಲು ಬರೆದ ಕೊನೆಯ ಸಾಲು: "ಅಪ್ಪ ಗಟ್ಟಿಯಾಗಿ ಮುಚ್ಚಿದಾರೆ. ಇನ್ನು ಅದುರಿದ್ರೂ ಏನೂ ಆಗಲ್ಲ."

ನೀರಜಾ